ಗಜಕಡ್ಡಿಯಲ್ಲಿ ಅಳೆದ ಚಂದ್ರ

ಸಂಶಯ ನನ್ನ ಹುಟ್ಟುಗುಣ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅರಿವೆ ಅಂಗಡಿ ಇಟ್ಟವನಿಗೆ ಅದು ಬೇಕಾದದ್ದೇ. ಮೂವತ್ತರ ದಶಕದ ಒಂದು ಬೇಸಿಗೆಯಲ್ಲಿ ಅದು ಅಂಗಡಿಯ ಒಳಗೇ ಬಂದು ಕೂತಿತು.

ಧಾರವಾಡದ ಕಾಲೇಜಿನಲ್ಲಿ ಓದುತ್ತಿದ್ದ ತಮ್ಮ ರಜೆಗೆ ಬಂದಿದ್ದ. ನಾನು ವಿಷಮಜ್ವರದಿಂದ ತಿಂಗಳ ಮೇಲೆ ಮಲಗಿದಾಗ ವ್ಯಾಪಾರವನ್ನೆಲ್ಲ ಅವನೇ ನೋಡಿಕೊಂಡ. ನಾನು ಎದ್ದು ಬಂದ ವಾರವೇ ಉಪ್ಪಿನಬೆಟಗೇರಿಯ ಅಜ್ಜಿಯೊಬ್ಬಳು ಮೊಮ್ಮಗಳ ಮದುವೆಯ ಅರಿವೆಗೆ ಬಂದಳು. ನಮ್ಮ ಗಜಕಡ್ಡಿಯನ್ನು ಹೆಬ್ಬೆರಳಿನಿಂದ ಸವರಿದಳು. ತುದಿಗೆ ತುಸು ಈಚೆ ಮೊಳೆಯಿಂದ ಗೀಚಿದ ಗೆರೆಗಳಿದ್ದವು. ತುದಿತನಕ ಅಳೆಯದೆ ಈ ಗೆರೆಗೇ ಕತ್ತರಿ ಹಾಕುತ್ತೀರೇನು ಎಂದು ಕೇಳಿದಳು. ಅಲ್ಲಿದ್ದ ಗಿರಾಕಿಗಳೆಲ್ಲ ಕಟ್ಟಿಸಿಕೊಂಡ ಗಂಟು ಬಿಚ್ಚಿ ಮೊಳ ಹಾಕತೊಡಗಿದರು. ನನಗೆ ನಾಚಿಕೆಯಿಂದ ಮೈ ಉರಿಯಿತು.

ತಮ್ಮನನ್ನು ಒಳಗೆ ಕರೆದು ಕೇಳಿದೆ. ಅವನು ಚಂದ್ರನನ್ನು ಅಳೆಯುತ್ತಿದ್ದನಂತೆ! ಕಡ್ಡಿಯ ಒಂದು ತುದಿ ಕಣ್ಣಿಗೆ ಹಿಡಿದು, ಅಂಗಿಯ ಸಣ್ಣ ಗುಂಡಿಯೊಂದನ್ನು ಅದರ ಮೇಲೆ ಸರಿಸುತ್ತ ಹೋಗಿ, ಗುಂಡಿ ಚಂದ್ರನನ್ನು ಸರಿಯಾಗಿ ಮುಚ್ಚಿದಲ್ಲಿ ಗೆರೆ. ಚಂದ್ರ ಭೂಮಿಯಿಂದ ದೂರ ಹೋದಷ್ಟೂ ಸಣ್ಣ ಕಾಣುತ್ತಾನೆ, ಗುಂಡಿಯನ್ನೂ ಅಷ್ಟೇ ಪಾಲು ದೂರ ಸರಿಸಬೇಕಾಗುತ್ತದೆ. ಗೆರೆಗಳಿಂದ ಚಂದ್ರ ಎಷ್ಟು ಹಿಂದೆ ಸರಿದ ಅಂತ ಲೆಕ್ಕ ಹಾಕಬಹುದು ಅಂದ. ಅರಿವೆ ಕದಿಯುವವನಿಗೆ ಇಂಥ ಕಥೆ ಹೊಳೆಯಲಿಕ್ಕಿಲ್ಲ ಅನ್ನಿಸಿತು. ಕಾಲೇಜು ಕಲಿತ ಕಳ್ಳನಿಗೆ ಯಾಕೆ ಹೊಳೆಯಬಾರದು ಅಂತಲೂ ಅನ್ನಿಸಿತು.

ಹುಣ್ಣಿಮೆಯ ಸಂಜೆ ಎಲ್ಲರೆದುರು ತೋರಿಸಿಯೇ ಬಿಡುತ್ತೇನೆ ಅಂದ ತಮ್ಮ. ಆ ದಿನ ಚಂದ್ರ ಬಹಳ ದೂರ ಇರುತ್ತಾನೆ, ಗುಂಡಿ ಕಡೆಯ ಗೆರೆಗೆ ಬಂದು ನಿಲ್ಲುತ್ತದೆ ಅಂತ ಮುಂಚೆಯೇ ಹೇಳಿದ. ಮದುವೆ ಖರೀದಿಗೆಂದು ಹುಬ್ಬಳ್ಳಿಯಲ್ಲೇ ತನ್ನ ತಂಗಿಯ ಮನೆಯಲ್ಲಿ ಉಳಿದಿದ್ದ ಅಜ್ಜಿಯೂ ನಮ್ಮ ಮಾಳಿಗೆ ಹತ್ತಿದಳು.

ಚಂದ್ರ ಧೂಳಿನಲ್ಲಿ ಕೆಂಪಗೆ ಎದ್ದ. ಅಜ್ಜಿ ತಾನೇ ಕಡ್ಡಿ ಹಿಡಿದು ಗುಂಡಿ ಸರಿಸಿದಳು. ಅದು ಕಡೆಯ ಗೆರೆಗೇ ನಿಂತಿತು. ನನ್ನ ಜೀವ ಹಗುರಾಯಿತು. ಅಷ್ಟರಲ್ಲಿ ಆಕೆ ಕಡ್ಡಿ ಇಳಿಸಿ ಬರಿಗಣ್ಣಿನಿಂದ ನೋಡಿದಳು.

"ದೂರ ಹೋಗ್ಯಾನ ಅಂತೈತಿ ನಿಮ್ಮ ಗಜ. ಅಂವ ನೋಡಿದ್ರ ತಾಟಿನಷ್ಟ ದೊಡ್ಡಾಂವ ಆಗಿ ಮುಂದ ಬಂದು ನಿಂತಾನ. ಚಂದ್ರನ್ನ ಸುಳ್ಳ ಅಳಿಯೂ ಗಜ ನನ್ನ ಅರಿವಿ ಖರೇ ಅಳೀತೈತೇನ್ರಿ ಸಾವಕಾರ್ರ?"

ಹುಟ್ಟುವ ಚಂದ್ರ ದೊಡ್ಡದಾಗಿ ಕಾಣುವುದು ಕಣ್ಣಿನ ಮೋಸ, ನೆತ್ತಿಗೆ ಬಂದಾಗಲೂ ಗುಂಡಿ ಅಲ್ಲೇ ನಿಲ್ಲುತ್ತದೆ ಎಂದು ತಮ್ಮ ಹೇಳತೊಡಗಿದ. ತಂತಮ್ಮ ಕಣ್ಣೇ ಮೋಸ ಮಾಡುತ್ತದೆಂದರೆ ಯಾರು ಕೇಳುತ್ತಾರೆ? ಅವನು ನನ್ನ ಕಡೆ ತಿರುಗಿದ.

"ಅಣ್ಣಾ, ನೀನರ ನಂಬ್ತೀಯಿಲ್ಲೋ?"

ನಾನು ಚಂದ್ರನನ್ನು ನೋಡಿದೆ. ಅಷ್ಟು ದೊಡ್ಡ ಚಂದ್ರನನ್ನು ನಾನೂ ಕಂಡಿರಲಿಲ್ಲ.

"ನಾಳೆ ಹೊಸಾ ಗಜ ತರಸ್ತೇನಿ," ಅಂದೆ.

ಅಜ್ಜಿ ಮದುವೆಯ ಅರಿವೆಯನ್ನೆಲ್ಲ ನಮ್ಮಲ್ಲೇ ಕೊಂಡಳು. ತಮ್ಮ ಮತ್ತೆ ಗಲ್ಲಾಪೆಟ್ಟಿಗೆಯ ಕಡೆ ಕೂರಲಿಲ್ಲ. ಮುಂದೆ ಯಾವಾಗ ಬಂದರೂ ಗಿರಾಕಿಗಳ ಸಾಲಿನಲ್ಲೇ ಕೂತು, ನಾನು ಅಳೆಯುವಾಗ ನನ್ನ ಕೈಯನ್ನೇ ನೋಡುತ್ತಿದ್ದ.