ಕಸ್ತೂರಿ ಟೀಚರ ಅಲಿಪ್ತ ನೀತಿ

ಸುರಪುರದ ನಮ್ಮ ಹೈಸ್ಕೂಲಿನಲ್ಲಿ ಅಲಿಪ್ತ ನೀತಿಯ ಪಾಠವನ್ನು ಕಸ್ತೂರಿಯಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಗಣಿತ ಕಲಿಸುವ ನನಗೇ ಅದು ಬಾಯಿಪಾಠವಾಗಿದೆ. "ದೊಡ್ಡ ದೇಶಗಳು ಎರಡು ಬಣ ಆಗಿ ಜಗಳಕ್ಕ ನಿಂತಾಗ ಯಾವ ಬಣಕ್ಕೂ ಸೇರದೆ ಇರೂದು ಅಲಿಪ್ತ ನೀತಿ. ಹಂಗಂತ ಬಾಯಿ ಮುಚ್ಕೊಂಡು ಕೂಡೂದಲ್ಲ. ಇಬ್ಬರ ಕೂಡನೂ ಮಾತಾಡಬೇಕು, ತಪ್ಪು ಕಂಡ್ರ ಇಬ್ಬರಿಗೂ ಹೇಳಬೇಕು."

ಅವಳ ತವರೂರು ಕಕ್ಕೇರಾದ ಚುನಾವಣೆಯಲ್ಲಿ ಅವಳ ಅಣ್ಣ ಭಗವಂತರಾಯ ನಿಂತು ಸೋತ. ಗೆದ್ದವನು ಅವಳ ಗಂಡ ನೀಲಕಂಠನ ಚಿಕ್ಕಪ್ಪನ ಮಗ. ನೀಲಕಂಠ ಓಣಿ ಓಣಿ ತಿರುಗಿ ಅವನಿಗೆ ಓಟು ಕೇಳಿದ್ದ. ಅಂದಿನಿಂದ ಎರಡು ಮನೆಗಳ ನಡುವೆ ಮಾತು ಬಂದ್.

"ನಾ ಯಾರ ಕಡೀನೂ ಅಲ್ಲಕ್ಕಾ" ಎಂದಳು ಕಸ್ತೂರಿ. ಗಂಡನಿಗೆ ಒಂದು ಮಾತು ಹೇಳಲಿಲ್ಲ, ತವರಿಗೆ ಕಾಲಿಡಲಿಲ್ಲ. ಪಂಚಮಿಗೆ ಕರೆಯಲು ತಾಯಿ ಸೂಗಮ್ಮ ತಾನೇ ಬಸ್ಸು ಹತ್ತಿ ಬಂದರೆ, "ಎಲ್ಲಾ ತಣ್ಣಗಾಗಲಿ, ಬರ್ತೀನಿ" ಎಂದು ವಾಪಸು ಕಳಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ನನಗೆ ಮೈ ಉರಿದುಹೋಯಿತು. "ಮಕ್ಕಳಿಗೆ ಹೇಳೂದೊಂದು, ನೀ ಮಾಡೂದೊಂದೇನು?" ಎಂದು ಬೈದೆ.

ಹೋದ ತಿಂಗಳು ಸೂಗಮ್ಮ ತೀರಿಕೊಂಡಳು. ತವರಿನಿಂದ ಸುದ್ದಿ ಬರಲಿಲ್ಲ. ಕಕ್ಕೇರಾದಿಂದ ದಿನವೂ ಬರುವ ನಮ್ಮ ಜವಾನ ಲಾಡ್ಲೇಸಾಬ, "ಟೀಚರ್, ನಿಮಗ ಗೊತ್ತಿಲ್ಲೇನ್ರಿ?" ಎಂದಾಗಲೇ ತಿಳಿದದ್ದು. ಕಸ್ತೂರಿ ಕೈಗಂಟಿದ ಸೀಮೆಸುಣ್ಣದ ಪುಡಿ ತೊಳೆದುಕೊಂಡಳು. ತಾಯಿಗೆ ಹೊದಿಸಲು ಬಜಾರಿನಲ್ಲಿ ಸೀರೆ ತಗೊಂಡಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದೆ, ಒಂದು ಹನಿ ಕಣ್ಣೀರು ಕಾಣಲಿಲ್ಲ. ನಾನೇ ಅತ್ತೆ.

ನಮ್ಮ ಕಡೆ ಸತ್ತ ಮನೆಗೆ ಮಗಳು ಬಂದಳೆಂದರೆ ಕೂತ ಹೆಂಗಸರೆಲ್ಲ ಎದ್ದು ಅವಳ ಕೊರಳಿಗೆ ಬಿದ್ದು ಅಳುತ್ತಾರೆ. ಜಗಳ ಏನೇ ಇರಲಿ, ಅದೊಂದು ತಪ್ಪುವುದಿಲ್ಲ. ಕಸ್ತೂರಿ ಬಾಗಿಲಲ್ಲಿ ನಿಂತಳು. ಯಾರೂ ಏಳಲಿಲ್ಲ. ಅತ್ತಿಗೆ ರೇಣಮ್ಮ ಸೆರಗು ಸರಿಮಾಡಿಕೊಂಡು ಆಚೆ ನೋಡಿದಳು.

ಅಣ್ಣ ಬೈಯಲಿ ಎಂದು ನಾನು ಕಾದೆ. ಬೈದರೆ ನಮ್ಮವಳೆಂದು ಬೈದಂತಾದರೂ ಆಗುತ್ತಿತ್ತು. ಭಗವಂತರಾಯ ಸಿಟ್ಟಿಗೇಳಲಿಲ್ಲ. ಒಳಗೆ ತಿರುಗಿ ಹೇಳಿದ:

"ಟೀಚರ್ ಬಂದಾರ. ಒಂದು ಕುರ್ಚಿ ಹಾಕ್ರಿ."

ಸೂಗಮ್ಮನ ಸುತ್ತ ಬಂಧುಗಳೆಲ್ಲ ನೆಲದ ಮೇಲೆ ಕೂತಿದ್ದರು. ಕಸ್ತೂರಿ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು.