ಕಂಟ್ರಾಕ್ಟರು ಬೈಯದ ದಿನ

ನಮ್ಮ ಅತ್ತೆಗೆ ಬೈಯುವವರ ಮೇಲೆ ಅನುಮಾನವಿರಲಿಲ್ಲ. ನಗುನಗುತ್ತಾ ಮಾತಾಡುವವರನ್ನು ಕಂಡರೆ ಮಾತ್ರ ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನು ಆ ಮನೆಗೆ ಸೊಸೆಯಾಗಿ ಹೋದ ಹೊಸತರಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದೆ. ಬೆಲ್ಲದ ಮಡಕೆ ಅಟ್ಟಕ್ಕೇರಿತು. ಅಟ್ಟ ಹತ್ತುವುದು ನನಗೆ ಬರುತ್ತಿತ್ತು, ಅದು ಬೇರೆ ಮಾತು.

ಎರಡನೇ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚಿನ ಸಂಗತಿ ಇದು. ಶಾಂತಿಗ್ರಾಮದ ಹತ್ತಿರ, ನಮ್ಮ ಹೊಲದ ಪಕ್ಕದಲ್ಲೇ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ರಸ್ತೆ. ಗುಂಡಿ ಬಿದ್ದ ಹಳೇ ಜಲ್ಲಿ ರಸ್ತೆಯ ಮೇಲೆ ಒಬ್ಬ ಕಂಟ್ರಾಕ್ಟರು ಕಾಂಕ್ರೀಟು ಹಾಕಿಸಿದ. ಮೂರು ವರ್ಷದೊಳಗೆ ಬಿರುಕು ಬಿಟ್ಟರೆ ತನ್ನ ಖರ್ಚಿನಲ್ಲೇ ಒಡೆದು ಹೊಸದಾಗಿ ಹಾಕಿಕೊಡುತ್ತೇನೆಂದು ಸರ್ಕಾರಕ್ಕೆ ಬರೆದುಕೊಟ್ಟಿದ್ದನಂತೆ. ಬೇರೆ ಯಾರಾದರೂ ಕೆಡಿಸಿದರೆ ಮಾತ್ರ ಅವರೇ ಹೊಣೆ. ಹಾಗಾಗಿ ಆ ರಸ್ತೆಯನ್ನು ಎಳೆಗೂಸಿನಂತೆ ಕಾಯುತ್ತಿದ್ದ. ಮೇಲೆ ಹುಲ್ಲು ಹೊದೆಸಿ, ಹೊತ್ತು ಹೊತ್ತಿಗೆ ನೀರು ಹಾಕಿಸಿ ಗಟ್ಟಿಮಾಡಿಸಿದ. ಗಟ್ಟಿಯಾದ ಮೇಲೂ ಎತ್ತಿನ ಗಾಡಿ ಕಂಡರೆ ಕೂಗಾಡುತ್ತಿದ್ದ: "ಲೇ, ಪಕ್ಕದ ಮಣ್ಣಲ್ಲಿ ಹೊಡ್ಕೊಂಡು ಹೋಗ್ಲಾ!"

ಆ ಸುಗ್ಗಿಯಲ್ಲಿ ಅಕಾಲದ ಮಳೆ ಬಂದು ನಮ್ಮ ಕಣ ಕೆಸರಾಯಿತು. ಮೆದೆಯೊಳಗೆ ಕೈ ಹಾಕಿದರೆ ರಾಗಿ ತೆನೆ ಬೆಚ್ಚಗಿತ್ತು. ಇನ್ನು ಸ್ವಲ್ಪ ದಿನ ಬಿಟ್ಟರೆ ಮುಗ್ಗು ಹಿಡಿದು, ವರ್ಷವಿಡೀ ಮುದ್ದೆಗೆ ಗತಿಯಿಲ್ಲ. ಅತ್ತೆ ರಸ್ತೆಯನ್ನೇ ನೋಡುತ್ತಾ ನಿಂತಿದ್ದರು. ಅಷ್ಟರಲ್ಲಿ ಕಂಟ್ರಾಕ್ಟರು ತಾನಾಗಿಯೇ ಬಂದ, ನಗುತ್ತಾ.

"ಏನಮ್ಮಾ, ಕಣ ಕೆಟ್ಟೋಯ್ತಾ? ರೋಡ್ ಮೇಲೆ ಒಕ್ಕಣೆ ಮಾಡ್ಕೊಳಿ. ಅಗೋ, ಆ ಮೈಲಿಕಲ್ಲಿನ ತಾವ. ನೀರು ಬೇಕಾದ್ರೆ ನಮ್ಮ ಪೀಪಾಯಿಂದ ತಗೊಳಿ."

"ಗುಂಡುಕಲ್ಲು ಉರುಳುಸ್ಬೇಕಲ್ಲ ಸಾವ್ಕಾರ್ರೇ?"

"ಉರುಳ್ಸಿ, ಉರುಳ್ಸಿ! ಯಾರು ಬೇಡ ಅಂದೋರು?"

ಅವನು ಅತ್ತ ಹೋದದ್ದೇ ಅತ್ತೆಯ ಕೈ ಸೆರಗಿನ ಗಂಟಿಗೆ ಹೋಯಿತು. "ನೆನ್ನೆವರ್ಗೂ ನಮ್ಮ ಕೋಳಿ ದಾಟುದ್ರೂ ಬೈತಿದ್ದೋನು. ಇವತ್ತು ನೀರೂ ಕೊಡ್ತೀನಿ ಅಂತಾವ್ನೆ. ಯಾಕೆ?"

"ಪಾಪ ಅನ್ಸಿರ್ಬೋದು ಅತ್ತೆ."

"ಅನ್ಸ್ತದೆ, ಅನ್ಸ್ತದೆ. ಬೆಲ್ಲ ಕೊಟ್ರೆ ನಿಂಗೆ ಹುಲಿನೂ ಪಾಪ ಕಣೇ."

ಆದರೆ ರಾಗಿ ಕಾಯುವಂತಿರಲಿಲ್ಲ. ಮಾರನೆಯ ಬೆಳಿಗ್ಗೆ ಮೈಲಿಕಲ್ಲಿನ ಹತ್ತಿರ ರಸ್ತೆ ಗುಡಿಸಿದೆವು. ಮೂಗುಬೊಟ್ಟು ಕಳೆದುಕೊಂಡವರಂತೆ ಅತ್ತೆ ಬಗ್ಗಿ ಬಗ್ಗಿ ಅಷ್ಟಗಲವೂ ಓಡಾಡಿದರು. ಆಮೇಲೆ, ಕಣಕ್ಕೆ ಬಳಿಯುವಂತೆ ಕಾಂಕ್ರೀಟಿಗೂ ಸಗಣಿ ಬಗ್ಗಡ ಬಳಿದೆವು. ಒಂದು ಕಡೆ ಅತ್ತೆ ನನ್ನನ್ನು ನಿಲ್ಲಿಸಿದರು.

"ಇಲ್ಲಿ ಇನ್ನೊಂದು ಕೈ ಬಳಿ."

ಬಳಿದೆ.

"ಇನ್ನೊಂದು ಕೈ."

ನನ್ನ ಕೆಲಸದ ಮೇಲೂ ಅನುಮಾನವೆಂದುಕೊಂಡು ಅವರ ಬೆನ್ನಿಗೆ ನಾಲಿಗೆ ಚಾಚಿದೆ.

ಬಗ್ಗಡ ಬಿಸಿಲಿಗೆ ಒಣಗಿತು. ಮಾರನೆಯ ದಿನ ತೆನೆ ಹರಡಿ, ನಮ್ಮ ಯಜಮಾನರು ಎತ್ತು ಕಟ್ಟಿ ಒಕ್ಕಣೆಯ ಗುಂಡುಕಲ್ಲು ಸುತ್ತಿಸತೊಡಗಿದರು. ಅರ್ಧ ಆಗಿರಬೇಕು, ಹಾಸನದ ಕಡೆಯಿಂದ ಕಾರು ಬಂತು. ಇಂಜಿನಿಯರು ಇಳಿದರು. ಹಿಂದೆಯೇ ಕಂಟ್ರಾಕ್ಟರು. ಮೊನ್ನೆಯ ನಗು ಮುಖದ ಮೇಲಿರಲಿಲ್ಲ.

"ನೋಡಿ ಸಾ, ಎಷ್ಟು ಹೇಳಿದ್ರೂ ಕೇಳಲ್ಲ ಈ ಜನ. ಕಲ್ಲು ಉರುಳಿಸಿ ರೋಡ್ ಸೀಳ್ಬುಟ್ಟವ್ರೆ! ಇದಕ್ಕೂ ನಾನೇ ಹೊಣೆನಾ? ಮೊದ್ಲು ಈ ಎತ್ತು, ಕಲ್ಲು ಎರಡನ್ನೂ ಠಾಣೆಗೆ ಹೊಡೆಸಿ."

ಎತ್ತು ಹೋದರೆ ರಾಗಿಯೂ ಹೋದಂತೆ. ಯಜಮಾನರು ಹಗ್ಗ ಹಿಡಿದು ಎತ್ತುಗಳ ಮುಂದೆ ಬಂದು ನಿಂತರು.

"ಎಲ್ಲಿ ಸೀಳಿದೆ?" ಎಂದರು ಇಂಜಿನಿಯರು.

ಕಂಟ್ರಾಕ್ಟರು ಹುಡುಕಲೇ ಇಲ್ಲ. ನೆಟ್ಟಗೆ ಒಂದು ಜಾಗಕ್ಕೆ ನಡೆದು, ಕಾಲಿನಿಂದ ಹುಲ್ಲು ಸರಿಸಿ, "ಇಲ್ಲಿ!" ಎಂದ. ಅಲ್ಲಿ ಒಣಗಿದ ಸಗಣಿ ಬಿಟ್ಟು ಏನೂ ಕಾಣಲಿಲ್ಲ. ನಾನು ಮೂರು ಕೈ ಬಳಿದ ಜಾಗ ಅದು.

"ಮುಚ್ಕೊಂಡಿರಾದು ನಿಮ್ಗೆಂಗೆ ಕಾಣ್ತು ಸಾವ್ಕಾರ್ರೇ?" ಎಂದು ಅತ್ತೆ ಮೆತ್ತಗೆ ಕೇಳಿದರು.

ಅತ್ತೆ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಸಗಣಿಯ ಪದರ ಎಬ್ಬಿಸಿದರು. ಅಗಲವಾದ ಒಂದು ಚಕ್ಕೆ ರೊಟ್ಟಿಯಂತೆ ಎದ್ದು ಬಂತು. ಅದರ ಕೆಳಗೆ, ಕಾಂಕ್ರೀಟಿನಲ್ಲಿ, ಬೆರಳು ತೂರುವಂಥ ಬಿರುಕು.

"ರಾಗಿ ಒಳಿಕ್ಕೆ ಉದುರ್ತದೆ ಅಂತ ನೆನ್ನೆ ನಮ್ಮ ಸೊಸೆ ಕೈಲಿ ಮುಚ್ಚುಸ್ದೆ ಸಾಮಿ. ಕಲ್ಲು ಉರುಳಿರಾದು ಇವತ್ತು. ಕಲ್ಲು ಸೀಳಿದ್ರೆ ಮ್ಯಾಲಿನ ಸಗಣಿನೂ ಸೀಳ್ಬೇಕಿತ್ತಲ್ವಾ?"

ಇಂಜಿನಿಯರು ಆ ಚಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದರು. ಎಲ್ಲೂ ಸೀಳಿರಲಿಲ್ಲ. ಕಂಟ್ರಾಕ್ಟರ ಕಡೆ ತಿರುಗಿ, "ಇವರ ಒಕ್ಕಣೆ ಮುಗೀಲಿ. ಆಮೇಲೆ ಇಷ್ಟನ್ನೂ ಒಡೆದು ಹೊಸದಾಗಿ ಹಾಕ್ಸಿ," ಎಂದು ಕಾರು ಹತ್ತಿದರು.

"ಈವಯ್ಯ ಯಾಕೆ ಇಷ್ಟು ಒಳ್ಳೇನು?" ಎಂದು ಅತ್ತೆ ಕಾರಿನ ಧೂಳನ್ನೇ ನೋಡಿದರು.

ಸಂಜೆಯೊಳಗೆ ರಾಗಿ ಮನೆ ಸೇರಿತು, ಎತ್ತು ಕೊಟ್ಟಿಗೆ ಸೇರಿದವು. ಆದರೂ ಅತ್ತೆಗೆ ಸಮಾಧಾನವಿಲ್ಲ. ಕಂಟ್ರಾಕ್ಟರು ಇನ್ನೇನು ಹೂಡುತ್ತಾನೋ ಎಂದು ದಿನವೂ ಎತ್ತುಗಳನ್ನು ಎಣಿಸುತ್ತಿದ್ದರು. ಹಳೆಯದನ್ನು ಒಡೆದು, ಹೊಸ ಕಾಂಕ್ರೀಟು ಹಾಕಿ, ಅದಕ್ಕೂ ಹುಲ್ಲು ಹೊದೆಸಿದ ಮೇಲೆ ಒಂದು ಮಧ್ಯಾಹ್ನ ನಮ್ಮ ಕೋಳಿ ಅದರ ಮೇಲೆ ಕೆದಕಲು ಹೋಯಿತು.

"ಯಾರ್ದಮ್ಮಾ ಈ ಹಾಳು ಕೋಳಿ! ಕಾಲು ಮುರೀತೀನಿ!" ಎಂದು ರಸ್ತೆಯಿಂದ ಕೂಗು ಬಂತು.

ಜಗಲಿಯಲ್ಲಿ ಕೂತಿದ್ದ ಅತ್ತೆ ಕಾಲು ಚಾಚಿ, ಗೋಡೆಗೊರಗಿ, ಕಣ್ಣು ಮುಚ್ಚಿದರು.

"ಸದ್ಯ, ಬೈದ ಕಣೇ," ಎಂದರು.