ಅತ್ತೆಯ ಶೆಡ್ಡಿನ ಕಿಟಕಿ

ಒಂದು ‘ಹೂಂ’ ಅಂದು ಹನ್ನೊಂದು ದಿನವಾಗಿತ್ತು. ಅಂದಿನಿಂದ ಅದರದೇ ಚಿಂತೆ. ನಾನು ಮೊದಲೇ ಚಿಂತೆಯ ಪ್ರಾಣಿ. ಮಗಳು ಗುಬ್ಬಿ ಎರಡು ಸಲ ಸೀನಿದರೆ ಡಾಕ್ಟರಿಗೆ ಫೋನು. ಮೂರನೆಯ ಸಲ ಸೀನದಿದ್ದರೆ ಯಾಕೆ ಸೀನಲಿಲ್ಲ ಎಂದು ಗಾಬರಿ. ಆದರೆ ಈ ಚಿಂತೆ ಅಂಥದ್ದಲ್ಲ. ಇದರ ಔಷಧಿ ನನ್ನ ಬಾಯಲ್ಲೇ ಇತ್ತು. ಬಾಯಿ ಮಾತ್ರ ಬರುತ್ತಿರಲಿಲ್ಲ.

ಹೂಂ ಅಂದದ್ದು ನನ್ನ ಅತ್ತೆಗೆ.

ಅತ್ತೆ ಮೂವತ್ತೆರಡು ವರ್ಷ ನಕ್ಷೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದವರು. ಬೇರೆಯವರು ಬರೆದ ನಕ್ಷೆಯ ಮೇಲೆ ತೆಳ್ಳಗಿನ ಪಾರದರ್ಶಕ ಹಾಳೆ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೇ ಶಾಯಿಯ ಗೆರೆ ಎಳೆಯುವ ಕೆಲಸ. ಕಾಲುವೆ, ರಸ್ತೆ, ಆಸ್ಪತ್ರೆ, ಸ್ಮಶಾನ ಎಲ್ಲವೂ ಅವರ ಕೈ ಕೆಳಗೆ ಹಾದುಹೋಗಿವೆ. ಅಕ್ಷರ ಬರೆಯುವುದು ಪಕ್ಕದ ಮೇಜಿನವರ ಕೆಲಸ, ಸಹಿ ಹಾಕುವುದು ಮೇಲಿನವರ ಕೆಲಸ. ಗೆರೆ ಕೂದಲೆಳೆಯಷ್ಟು ಆಚೆ ಹೋದರೂ ಹಾಳೆ ವಾಪಸು. ಹಾಗೆ ಎಷ್ಟು ಸಲ ವಾಪಸು ಬಂದಿತ್ತು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

“ಒಂದೇ ಸಲ,” ಎಂದಿದ್ದರು. “ನಿನ್ನ ಗಂಡ ಹೊಟ್ಟೇಲಿದ್ದ. ಒದ್ದ.”

ನಿವೃತ್ತಿಯಾದ ಮೇಲೆ ಅತ್ತೆ ಬಣ್ಣ ತಂದರು. ಊಟದ ಮೇಜಿನ ಒಂದು ತುದಿಯಲ್ಲಿ ಕೂತು ಚಿತ್ರ ಬರೆಯಲು ಶುರು ಮಾಡಿದರು. ನಾನು ತಟ್ಟೆ ತಂದಾಗಲೆಲ್ಲ ಎತ್ತಿಡಬೇಕು, ಗುಬ್ಬಿ ಕುಂಚ ನೆಕ್ಕದಂತೆ ಕಾಯಬೇಕು. ಮೊದಲ ಚಿತ್ರ ಹಿತ್ತಲಿನ ಬಟ್ಟೆ ಒಣಗಿಸುವ ತಂತಿ. ಟವೆಲಿನ ನೀಲಿ ಅದರ ಅಂಚು ಬಿಟ್ಟು ಆಚೆ ಹರಿದಿತ್ತು. ಬಣ್ಣ ಗೆರೆ ದಾಟಿದೆಯಲ್ಲ ಅತ್ತೆ ಎಂದೆ.

“ದಾಟಲಿ ಅಂತಾನೇ ಬಿಟ್ಟಿದ್ದು,” ಎಂದರು. “ಮೂವತ್ತೆರಡು ವರ್ಷ ಕಾವಲು ಕಾದಿದ್ದೀನಿ ಕಣೇ. ಇನ್ನು ಅವು ಎಲ್ಲಿ ಬೇಕಾದ್ರೂ ಹೋಗ್ಲಿ.”

ಒಂದು ಬೆಳಿಗ್ಗೆ ನಾನೆದ್ದು ನೋಡುವಷ್ಟರಲ್ಲಿ ಹಿತ್ತಲಿನ ಶೆಡ್ಡು ಖಾಲಿಯಾಗುತ್ತಿತ್ತು. ಪಂಕ್ಚರಾದ ಸೈಕಲ್ಲು, ಕಾಲು ಮುರಿದ ಕುರ್ಚಿ, ಯಾವ ಬೀಗಕ್ಕೂ ಹೊಂದದ ಒಂದು ಡಬ್ಬ ಬೀಗದ ಕೈ, ತುಕ್ಕು ಹಿಡಿದ ಹಂಡೆ ಎಲ್ಲ ಅಂಗಳದಲ್ಲಿ. ಅತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜೇಡರ ಬಲೆ ತೆಗೆಯುತ್ತಿದ್ದರು. ನನ್ನ ಗಂಡ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದರು. ಅವರಿಗೆ ಆ ಶೆಡ್ಡಿನ ಮೇಲೆ ಬೇರೆ ಲೆಕ್ಕಾಚಾರವಿತ್ತು. ಕೆಡವಿದರೆ ಕಾರು ಸಲೀಸಾಗಿ ಒಳಗೆ ಬರುತ್ತದೆ. ಬೀದಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಅದರ ಎರಡೂ ಮಗ್ಗುಲು ಯಾರ‍್ಯಾರೋ ಗೀಚಿದ್ದರು.

“ಚಿತ್ರಕ್ಕೆ ಒಂದು ಕೋಣೇನೇ ಬೇಕಾ ಅಮ್ಮ?”

“ಕಾರಿಗೆ ಬೇಕಂತೆ, ನನಗೆ ಬೇಡವಾ?”

ಊರಾಚೆ ಇರುವ ನಾದಿನಿ ಫೋನಿನಲ್ಲೇ ಬುದ್ಧಿ ಹೇಳಿದಳು. ಅರವತ್ತು ದಾಟಿದ ಮೇಲೆ ಇದೆಲ್ಲ ಯಾಕೆ, ಮೊಮ್ಮಗಳನ್ನು ಆಡಿಸಿಕೊಂಡು ಹಾಯಾಗಿರಬಾರದೇ ಎಂದಳು. ಅತ್ತೆ ಸೊಪ್ಪು ಹಾಕಲಿಲ್ಲ. ಅಂಗಡಿಯಿಂದ ಹೊಸ ಬೀಗ ತಂದು ಶೆಡ್ಡಿಗೆ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಾಗಿಲಿಗೆ ಕಣ್ಣು ಕುಕ್ಕುವ ಹಳದಿ ಬಳಿದರು. ಬಣ್ಣದ ವಾಸನೆ ಮಗುವಿಗೆ ಆಗದೇನೋ ಎಂದು ನಾನು ಹೆದರಿ ಹೆದರಿ ಹೇಳಿದೆ. ಮಾರನೆಯ ದಿನ ನೀರಿನಲ್ಲಿ ಕಲಸುವ ಬಣ್ಣದ ಡಬ್ಬಗಳನ್ನು ತಂದು, ಮೇಲಿನ ಚೀಟಿಯನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಇನ್ನೊಂದು ನೆಪ ಹುಡುಕಿಕೋ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಕೊರತೆ ಒಂದೇ ಇತ್ತು. ಶೆಡ್ಡಿಗೆ ಕಿಟಕಿ ಇರಲಿಲ್ಲ. ಉತ್ತರದ ಗೋಡೆಗೇ ಕಿಟಕಿ ಬೇಕು ಎಂದು ಅತ್ತೆ ಪಟ್ಟು ಹಿಡಿದರು. ಆ ಕಡೆ ಶಾಲೆಯ ಆಟದ ಬಯಲು, ಎದುರಿಗೆ ಬರೀ ಆಕಾಶ. ಉತ್ತರದ ಬೆಳಕು ಬೆಳಗಿನಿಂದ ಸಂಜೆಯ ತನಕ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಬಣ್ಣ ಸುಳ್ಳು ಹೇಳುವುದಿಲ್ಲ ಎಂದು ವಿವರಿಸಿದರು. ನಾನು ತಲೆಯಾಡಿಸಿದೆ. ನಗರದಲ್ಲಿ ಓದಿ ಬೆಳೆದವಳು ನಾನು. ಎಡ ಬಲ ಗೊತ್ತು, ಬಸ್ ನಂಬರು ಗೊತ್ತು, ಉತ್ತರ ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ.

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿನದು ತೆಗೆಸುವ ದಿನ ಗೊತ್ತಾಯಿತು. ಹೊರಡುವ ಮುಂಚೆ ಅವರು ಟ್ರೇಸಿಂಗ್ ಹಾಳೆಯ ಮೇಲೆ ಶೆಡ್ಡಿನ ನಕ್ಷೆ ಎಳೆದಿಟ್ಟರು. ಬಾಗಿಲು ಕೆಳಗಡೆ, ಕಿಟಕಿ ಒಂದು ಪಕ್ಕ. ಅಕ್ಷರ ಒಂದೂ ಇಲ್ಲ. ಅವರ ಕಚೇರಿಯಲ್ಲಿ ಟ್ರೇಸರ್‌ಗಳು ಅಕ್ಷರ ಬರೆಯುತ್ತಿರಲಿಲ್ಲ; ಹಾಳೆ ಎರಡೂ ಕಡೆಯಿಂದ ಒಂದೇ ಥರ ಕಾಣುವುದರಿಂದ, ಮುಖ ಯಾವುದು ಎಂದು ತಿಳಿಯಲು ಮೇಲಿನ ಬಲ ಮೂಲೆಯನ್ನು ಮುಂದಕ್ಕೆ ಮಡಿಸುತ್ತಿದ್ದರು. ಈ ಹಾಳೆಯನ್ನೂ ಹಾಗೇ ಮಡಿಸಿ ನನ್ನ ಕೈಗಿಟ್ಟರು. ಮೇಸ್ತ್ರಿ ಬಂದರೆ ಆ ಮೂಲೆ ಮೇಲೆ ಕಾಣುವ ಹಾಗೆ ಕೊಡಬೇಕು ಎಂದರು. ನಾನು ಆಗ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಡಾಕ್ಟರಿಗೆ ಗುಬ್ಬಿಯ ಜ್ವರ ಹೇಳುತ್ತಿದ್ದೆ. ಅತ್ತೆ ಹೇಳಿದ್ದರಲ್ಲಿ ‘ಮೂಲೆ’ ಅನ್ನುವುದೊಂದೇ ಕಿವಿಗೆ ಬಿದ್ದದ್ದು.

ನಾನು ಓದಿದ ಶಾಲೆಯಲ್ಲಿ ಪುಸ್ತಕದ ಮೂಲೆ ಮಡಿಸಿದರೆ ಬೆರಳ ಗಂಟಿನ ಮೇಲೆ ಅಡ್ಡಪಟ್ಟಿಯ ಏಟು ಬೀಳುತ್ತಿತ್ತು. ಇವತ್ತಿಗೂ ಮಡಿಸಿದ ಮೂಲೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅತ್ತೆ ಆಸ್ಪತ್ರೆಗೆ ಹೋದ ಮಧ್ಯಾಹ್ನ ಆ ಹಾಳೆಯ ಮೂಲೆ ಬಿಡಿಸಿ, ಉಗುರಿನಿಂದ ತೀಡಿ, ನಿಘಂಟಿನ ಅಡಿಯಲ್ಲಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಮೇಸ್ತ್ರಿ ಎರಡು ದಿನ ಮುಂಚೆಯೇ ಬಂದುಬಿಟ್ಟ. ಗುಬ್ಬಿ ನನ್ನ ಹೆಗಲ ಮೇಲೆ ಕೆಂಡದ ಹಾಗೆ ಸುಡುತ್ತಾ ಅಳುತ್ತಿದ್ದಳು. ನಿಘಂಟಿನ ಅಡಿಯಿಂದ ಹಾಳೆ ಎಳೆದು ಕೊಟ್ಟೆ. ಅವನು ಶೆಡ್ಡಿನ ಬಾಗಿಲಲ್ಲಿ ನಿಂತು, ಕಿಟಕಿ ಈ ಕಡೆ ತಾನೇ ಅಕ್ಕ ಎಂದು ಎಡಗೈ ತೋರಿಸಿದ. ಅದರಲ್ಲಿ ಇರುವ ಹಾಗೇ ಮಾಡಿ ಎಂದೆ. ಇಟ್ಟಿಗೆ ಬೀಳುವ ಸದ್ದು ನಿಂತಾಗ ನೋಡಿದರೆ, ಕಿಟಕಿ ನೇರ ನನ್ನ ಅಡುಗೆಮನೆಗೆ ಎದುರಾಗಿತ್ತು. ನನಗಂತೂ ಖುಷಿಯೇ ಆಯಿತು. ಇನ್ನು ಗುಬ್ಬಿ ಅಜ್ಜಿಯ ಜೊತೆ ಶೆಡ್ಡಿನಲ್ಲಿದ್ದರೂ ಒಲೆಯ ಮುಂದಿನಿಂದಲೇ ಅವಳನ್ನು ಕಾಯಬಹುದು.

ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದವರು ಚಪ್ಪಲಿ ಕೂಡ ಬಿಡದೆ ಹಿತ್ತಲಿಗೆ ಹೋದರು. ಬಿಸಿಲು ಕಿಟಕಿಯಿಂದ ನುಗ್ಗಿ ನೆಲದ ಮೇಲೆ ಬಿದ್ದುಕೊಂಡಿತ್ತು.

“ಒಂದೇ ಕಣ್ಣಲ್ಲಿ ನೋಡಿದ್ರೂ ಗೊತ್ತಾಗತ್ತೆ. ಇದು ದಕ್ಷಿಣ,” ಎಂದರು. ಆಮೇಲೆ ನನ್ನತ್ತ ತಿರುಗಿ, “ಮೂಲೆ ಮಡಿಸಿದ್ದು ಹಾಗೇ ಇತ್ತು ತಾನೇ?”

ಆಗಲೇ ನನಗೆ ಎಲ್ಲ ಒಟ್ಟಿಗೆ ಹೊಳೆದದ್ದು. ಮೂಲೆ, ಉಗುರು, ನಿಘಂಟು, ಮಗುಚಿಕೊಂಡ ಹಾಳೆ.

“ಹೂಂ, ಅತ್ತೆ.”

ಹಾಳೆ ಎಲ್ಲಿ ಎಂದರು. ಗಾರೆ ಮೆತ್ತಿತ್ತು, ಎಸೆದೆ ಎಂದೆ. ಮೇಸ್ತ್ರಿ ವಾಪಸು ಕೊಟ್ಟಿದ್ದ ಅದು ಗುಬ್ಬಿಯ ಲಸಿಕೆ ಪುಸ್ತಕದೊಳಗೆ ಬೆಚ್ಚಗಿತ್ತು.

ಅತ್ತೆ ಬೈದಿದ್ದರೆ ಚೆನ್ನಾಗಿತ್ತು. “ಹಾಗಾದ್ರೆ ನಾನೇ ತಪ್ಪು ಎಳೆದಿರಬೇಕು,” ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ನನ್ನ ಗಂಡನಿಗೆ ಅಷ್ಟು ಸಾಕಾಯಿತು. ಕಣ್ಣು ಮಂಜಾಗಿರುವಾಗ ಎಳೆದರೆ ಇನ್ನೇನಾಗುತ್ತದೆ, ಇನ್ನೊಂದು ಕಣ್ಣಿನದೂ ಇದೇ ಕಥೆ, ಈ ಹಟ ಸಾಕು ಎಂದು ದಿನಕ್ಕೊಂದು ಸಲ ಶುರುವಿಟ್ಟುಕೊಂಡರು. ಅವರು ಕೆಟ್ಟವರಲ್ಲ, ಗೆದ್ದೆ ಅನಿಸಿದಾಗ ಎಲ್ಲರೂ ಸ್ವಲ್ಪ ಹೆಚ್ಚು ಮಾತಾಡುತ್ತಾರೆ. ನಾದಿನಿಯೂ ಫೋನಿನಲ್ಲಿ ದನಿಗೂಡಿಸಿದಳು. ಅತ್ತೆ ಮೂರು ದಿನ ಎದುರು ನಿಂತರು. ಕಿಟಕಿಗೆ ಗೋಣಿ ಕಟ್ಟಿ ಬಲ್ಬಿನ ಬೆಳಕಿನಲ್ಲಿ ಬರೆದರು. ನಾಲ್ಕನೆಯ ದಿನ ಟವೆಲಿನ ಆ ನೀಲಿ ಹಸಿರಾಗಿ ಕಂಡಿತಂತೆ. ಅದು ಬಲ್ಬಿನ ತಪ್ಪೋ ಕಣ್ಣಿನ ತಪ್ಪೋ ಅವರಿಗೇ ಗೊತ್ತಾಗಲಿಲ್ಲ. ಭಾನುವಾರದವರೆಗೆ ಯೋಚನೆ ಮಾಡುತ್ತೇನೆ ಎಂದು ಮಗನಿಗೆ ಹೇಳಿದರು. ಅತ್ತೆ ಯೋಚನೆ ಮಾಡುತ್ತೇನೆ ಎಂದದ್ದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗಂಡ ಆ ಸಂಜೆಯೇ ಮೇಸ್ತ್ರಿಗೆ ಫೋನು ಮಾಡಿ ಸೋಮವಾರ ಶೆಡ್ಡು ಕೆಡವಲು ಬಾ ಎಂದರು.

ಭಾನುವಾರ ಬೆಳಿಗ್ಗೆ ನಾನು ಗುಬ್ಬಿಗೆ ಹಾಲು ಕುಡಿಸುತ್ತಿದ್ದೆ. ಊಟದ ಮೇಜಿನ ಆ ತುದಿಯಲ್ಲಿ ಅತ್ತೆ ಹಳೆಯ ಪೇಪರಿನ ಮೇಲೆ ಅಡ್ಡಪಟ್ಟಿಯಿಲ್ಲದೆ ಗೆರೆ ಎಳೆಯುತ್ತಿದ್ದರು. ಒಂದು ಗೆರೆ, ಅದರ ಪಕ್ಕ ಇನ್ನೊಂದು. ಆಮೇಲೆ ಅಡ್ಡಪಟ್ಟಿ ಇಟ್ಟು ಸರಿಯಾಗಿದೆಯೇ ಎಂದು ನೋಡುವುದು. ಮತ್ತೆ ಎಳೆಯುವುದು. ಎಲ್ಲ ಗೆರೆಗಳೂ ನೇರವಾಗಿಯೇ ಇದ್ದವು. ಆದರೂ ಅವರು ನಂಬಲಿಲ್ಲ. ಪಟ್ಟಿ ತೆಗೆದ ಕಣ್ಣನ್ನು ಮುಚ್ಚಿ ಒಂದು ಸಲ, ಇನ್ನೊಂದನ್ನು ಮುಚ್ಚಿ ಒಂದು ಸಲ ನೋಡಿದರು. ಮೂವತ್ತೆರಡು ವರ್ಷದ ಕೈ ನನ್ನ ಒಂದು ಹೂಂ ಕೇಳಿ ಪರೀಕ್ಷೆಗೆ ಕೂತಿತ್ತು.

ಲೋಟ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಪೇಪರು ಓದುತ್ತಿದ್ದ ಗಂಡನ ತೊಡೆಯ ಮೇಲೆ ಗುಬ್ಬಿಯನ್ನು ಕೂರಿಸಿದೆ. ಒಳಗೆ ಹೋಗಿ ಲಸಿಕೆ ಪುಸ್ತಕದಿಂದ ಹಾಳೆ ತಂದು ಅವರ ಮುಂದೆ ಹಾಸಿದೆ. ತೀಡಿದ ಗುರುತು ಬೆಳಕಿಗೆ ಚೆನ್ನಾಗಿ ಕಾಣುತ್ತಿತ್ತು. ನನ್ನ ಕೈಯಾರೆ ಆ ಮೂಲೆಯನ್ನು ಮತ್ತೆ ಮಡಿಸಿದೆ. ಕಿಟಕಿ ಬಲಕ್ಕಿತ್ತು. ಅತ್ತೆ ಹಾಳೆ ನೋಡಿದರು, ನನ್ನನ್ನು ನೋಡಿದರು. ಗಂಡ ಪೇಪರು ಇಳಿಸಿದರು. ಈಗ ಕೂತರೆ ಮತ್ತೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನಿಂತೇ ಮೇಸ್ತ್ರಿಯ ನಂಬರು ಒತ್ತಿದೆ.

ಬೆಳಿಗ್ಗೆ ಎಂಟಕ್ಕೇ ಕೆಡವೋಕೆ ಬರ್ತೀನಿ ಅಕ್ಕ ಎಂದ ಅವನು.

“ಕೆಡವೋಕೆ ಬರಬೇಡಿ. ಇನ್ನೊಂದು ಕಿಟಕಿ ಇಡೋಕೆ ಬನ್ನಿ. ಬಾಗಿಲಲ್ಲಿ ನಿಂತ್ರೆ ಬಲಗಡೆ ಗೋಡೆಗೆ. ಅದು ಉತ್ತರ.”

ದೊಡ್ಡಮ್ಮ ತಪ್ಪಾಗಿ ಎಳೆದಿದ್ದರಂತಲ್ಲ ಎಂದ.

“ಅವರು ಸರಿಯಾಗೇ ಎಳೆದಿದ್ರು. ನಾನು ತಿರುಗಾಮುರುಗಾ ಕೊಟ್ಟೆ. ಕೊಟ್ಟಿದ್ದಲ್ಲದೆ ಸುಳ್ಳು ಹೇಳಿದೆ.”

ಸಾಹೇಬ್ರನ್ನ ಒಂದು ಮಾತು ಕೇಳಿದ್ರಾ ಎಂದ ಅವನು.

“ಸಾಹೇಬ್ರು ಇಲ್ಲೇ ಕೂತಿದ್ದಾರೆ. ಕೇಳಿಸಿಕೊಳ್ತಾ ಇದ್ದಾರೆ. ಕಾರು ಬೀದೀಲೇ ಇರತ್ತೆ.”

ಗಂಡ ಬಾಯಿ ತೆರೆದರು. ಗುಬ್ಬಿ ಅವರ ತೊಡೆಯ ಮೇಲೆ ಹಾಲು ಚೆಲ್ಲಿದಳು, ಬಾಯಿ ಮುಚ್ಚಿತು. ಹಳೇ ಕಿಟಕಿ ಇಟ್ಟಿಗೆ ಹಾಕಿ ಮುಚ್ಚಿಬಿಡಲೇ ಎಂದು ಮೇಸ್ತ್ರಿ ಕೇಳಿದ. ನಾನು ಅತ್ತೆಯತ್ತ ನೋಡಿದೆ. ಅವರು ಪೇಪರಿನ ಗೆರೆಗಳನ್ನೆಲ್ಲ ಮುದ್ದೆ ಮಾಡಿ ಪಕ್ಕಕ್ಕೆ ತಳ್ಳಿದರು.

“ಮುಚ್ಚಬೇಡ ಅನ್ನು. ನಿನಗೆ ಮಗು ಕಾಣ್ತಿರ್ಬೇಕು, ಇಲ್ಲಾಂದ್ರೆ ಒಲೆ ಮೇಲಿನದೆಲ್ಲ ಸೀದುಹೋಗತ್ತೆ. ಪರದೆ ಹಾಕ್ತೀನಿ,” ಎಂದರು. “ಪರದೆ ಎಳೆಯೋ ದಾರ ಮಾತ್ರ ನನ್ನ ಕಡೆ ಇರತ್ತೆ, ಅದನ್ನೂ ಹೇಳು.”

ಮೇಸ್ತ್ರಿಗೆ ಅದರಿಂದ ಏನಾಗಬೇಕಿತ್ತೋ ಗೊತ್ತಿಲ್ಲ. ಒಂದಕ್ಷರ ಬಿಡದೆ ಅದನ್ನೂ ಹೇಳಿದೆ.